ನಾನು ಹುಟ್ಟಿಸಿದ ಅಜ್ಜಿ

ಇತಿಹಾಸ ಬರೆಯುವುದು ಕಷ್ಟದ ಕೆಲಸವಲ್ಲ ಎಂಬುದು ಹೋದ ಸೆಪ್ಟೆಂಬರಿನವರೆಗೂ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಹೊಟ್ಟೆಪಾಡಿಗಾಗಿ ವಾಷಿಂಗ್ ಮಷೀನಿನ ಕೈಪಿಡಿ ಬರೆಯುವವನಿಗೆ ಒಂದು ಹೋಟೆಲಿನ ಕಥೆ ಬರೆಯಲು ಆಗದೇ? ಮಷೀನಿಗಾದರೂ ನಲವತ್ತು ಬಗೆಯ ರೋಗಗಳಿರುತ್ತವೆ. ಹೋಟೆಲಿಗೆ ಏನಿರುತ್ತದೆ? ಒಬ್ಬ ಮುದುಕ, ಒಂದು ಒಲೆ, ಒಂದಿಷ್ಟು ಟೊಮೆಟೊ.

ನಾವು ಹನ್ನೊಂದು ವರ್ಷಗಳಿಂದ ಇರುವುದು ಜರ್ಮನಿಯ ಕಲೋನಿನಲ್ಲಿ, ಹಳೆಯ ಕಟ್ಟಡವೊಂದರ ಮೊದಲನೆಯ ಮಹಡಿಯಲ್ಲಿ. ನಾವೆಂದರೆ ನಾನು, ಹೆಂಡತಿ ವಿದ್ಯಾ, ಹತ್ತು ವರ್ಷದ ಮಗಳು ಮಾನ್ವಿ. ನಾನು ಉಡುಪಿಯವನು, ವಿದ್ಯಾ ಮೈಸೂರಿನವಳು. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ವಿಷಯದಲ್ಲಿ ನಮ್ಮ ನಡುವೆ ಹದಿಮೂರು ವರ್ಷಗಳಿಂದ ಕದನವಿರಾಮ ಜಾರಿಯಲ್ಲಿದೆ. ನಮ್ಮ ಕೆಳಗೆ, ನೆಲ ಅಂತಸ್ತಿನಲ್ಲಿ, ಒಂದು ಇಟಾಲಿಯನ್ ರೆಸ್ಟೊರೆಂಟ್. ವಾರಕ್ಕೊಮ್ಮೆ ನಮ್ಮ ಊಟವೂ ಅಲ್ಲಿಯದೇ. ಅದರ ಅಡುಗೆಮನೆ ನನ್ನ ಬರೆಯುವ ಮೇಜಿನ ಸರಿಯಾಗಿ ಕೆಳಗಿದೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ರೆಸ್ಟೊರೆಂಟಿನ ಒಡತಿ ರೊಸಾರಿಯಾ, ಅರವತ್ತರ ಹತ್ತಿರದವರು. ಅದನ್ನು ಶುರುಮಾಡಿದವರು ಅವರ ಅಪ್ಪ ಸಾಲ್ವಾತೋರೆ. ಅವರಿಗೆ ಎಂಬತ್ತನಾಲ್ಕು. ಬೆನ್ನು ಹೋದ ಮೇಲೆ ಒಲೆ ಬಿಟ್ಟು, ಮೂವತ್ತು ವರ್ಷಗಳಿಂದ ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದಾರೆ. ಈಗ ನೆನಪೂ ಒಂದೊಂದಾಗಿ ಹೊರಡುತ್ತಿತ್ತು. ನವೆಂಬರಿಗೆ ಹೋಟೆಲಿಗೆ ಐವತ್ತು ತುಂಬುವುದಿತ್ತು. ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕ ರೊಸಾರಿಯಾ, ನಾನು ಬರೆಯುವವನಂತೆ ಹೌದೇ ಎಂದು ಕೇಳಿದರು. ಹೌದು ಎಂದೆ. ಏನು ಬರೆಯುವವನು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

"ಹೋಟೆಲಿನ ಕಥೆ ಬರೆದುಕೊಡಿ, ಹೆರ್ ರಾವ್. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತೀನಿ. ಅಪ್ಪ ಅದನ್ನ ಕೇಳಿ, ಹೌದು ಹೀಗೇ ಆಗಿತ್ತು ಅಂತ ಒಂದೇ ಒಂದು ಸಲ ಹೇಳಬೇಕು. ಆಮೇಲೆ ಅವರು ಮರೆತರೂ ಗೋಡೆಗೆ ನೆನಪಿರುತ್ತೆ."

ಈ ಮಾತು ಕೇಳಿ ಅಲ್ಲೇ, ಮೆಟ್ಟಿಲ ಮೇಲೆಯೇ ಒಪ್ಪಿಕೊಂಡೆ. ಮೆಟ್ಟಿಲ ಮೇಲೆ ಯಾವ ಕೆಲಸವನ್ನೂ ಒಪ್ಪಿಕೊಳ್ಳಬಾರದು.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಹೋಟೆಲಿನ ಬಾಗಿಲು ಹಾಕಿ, ಸಾಲ್ವಾತೋರೆಯವರ ಊಟವೂ ಆದ ಮೇಲೆ, ಸಂಜೆ ಮತ್ತೆ ತೆಗೆಯುವವರೆಗಿನ ಖಾಲಿ ಹೊತ್ತಿನಲ್ಲಿ ನಾನು ನೋಟುಪುಸ್ತಕ ಹಿಡಿದು ಅವರ ಎದುರು ಕೂತೆ. ಮೊದಲ ದಿನ ಅವರು ರೈಲಿನಲ್ಲಿ ಬಂದೆ ಎಂದರು: ಚಳಿಗಾಲ, ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ನಾನು ಬರೆದುಕೊಂಡೆ. ಎರಡನೆಯ ದಿನ ಟೊಮೆಟೊ ಲಾರಿಯಲ್ಲಿ, ಸುಡುಬಿಸಿಲಿನಲ್ಲಿ ಬಂದೆ ಎಂದರು. ಅದನ್ನೂ ಬರೆದುಕೊಂಡೆ. ಮೂರನೆಯ ದಿನ, ಹಾಗಾದರೆ ಯಾವುದು ಸರಿ ಎಂದು ಕೇಳಿದಾಗ ಅವರು ಕಿಟಕಿಯಾಚೆ ನೋಡುತ್ತ, ಬಹಳ ಶಾಂತವಾಗಿ, "ನಾನಿನ್ನೂ ಬಂದಿಲ್ಲ," ಎಂದರು.

ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿದ್ದರು. ಅವುಗಳ ಕಾಲುಗಳೆಲ್ಲ ಮೇಲೆ ನೋಡುತ್ತಿದ್ದವು. ನಾನು ಪೆನ್ನಿಗೆ ಟೋಪಿ ಹಾಕಿದೆ.

ಹೇಗೋ ಮೊದಲ ಇಪ್ಪತ್ತು ವರ್ಷ ತುಂಬಿತು, ಒಲೆಯ ಮುಂದೆ ಅವರೇ ಇದ್ದರಲ್ಲ. ಆಮೇಲಿನ ಮೂವತ್ತು ವರ್ಷ ಅಡುಗೆ ಮಾಡಿದವರು ಯಾರು? ರೊಸಾರಿಯಾ ಅಡುಗೆಮನೆಗೆ ಕಾಲಿಟ್ಟವರಲ್ಲ, ಅವರ ಅಮ್ಮನೂ ಅಲ್ಲ, ತಮ್ಮನೋ ಒಲೆ ಕಂಡರೆ ಓಡುವವನು. "ಅಡುಗೆ ನಡೀತಾ ಇತ್ತು," ಎಂದರು ರೊಸಾರಿಯಾ, ಕರವಸ್ತ್ರಗಳನ್ನು ಮಡಚುತ್ತ. ನಮ್ಮ ಕೈಪಿಡಿಗಳಲ್ಲಿ ನೀರು ತಾನೇ ಬಿಸಿಯಾಗುವ ಹಾಗೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಹಿಂಟರ್‌ಹೋಫ್ ಎಂದು ಇಲ್ಲಿಯವರು ಕರೆಯುವ ಹಿಂದಿನ ಅಂಗಳದಲ್ಲಿ, ಕಸದ ಡಬ್ಬಿಗಳ ಹತ್ತಿರ, ಹನ್ನೊಂದು ವರ್ಷಗಳಿಂದ ನಾನು ಒಬ್ಬ ಹೆಂಗಸನ್ನು ನೋಡುತ್ತಿದ್ದೆ. ತಲೆಗೆ ಬಲೆಯ ಟೋಪಿ, ಪ್ಲಾಸ್ಟಿಕ್ ಏಪ್ರನ್, ಕಿವಿಯಲ್ಲಿ ಸಣ್ಣ ಓಲೆ. ಹೆಸರು ಸೆಲ್ವಿ, ಊರು ಜಾಫ್ನಾ. ಪಾತ್ರೆ ತೊಳೆಯುವವರು ಎಂದು ತೀರ್ಮಾನಿಸಿಕೊಂಡಿದ್ದೆ. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಾನು ನೋಟುಪುಸ್ತಕ ಹಿಡಿದು ಓಡಾಡುವುದನ್ನು ಕಂಡು ಅವರೊಮ್ಮೆ ಏನು ಬರೆಯುತ್ತಿದ್ದೀರಿ ಎಂದು ಜರ್ಮನ್‌ನಲ್ಲಿ ಕೇಳಿದರು. ಇಟಾಲಿಯನ್ ಕುಟುಂಬದ ಇತಿಹಾಸ, ಮೂಲಸಾಕ್ಷಿಗಳನ್ನು ಹುಡುಕುತ್ತಿದ್ದೇನೆ ಎಂದು ಗಂಭೀರವಾಗಿ ಹೇಳಿದೆ. ಅವರು "ಓ" ಎಂದು ಡಬ್ಬಿಯ ಮುಚ್ಚಳ ಹಾಕಿದರು.

ಮೂಲಸಾಕ್ಷಿ ಸಿಗಲಿಲ್ಲ. ಆದ್ದರಿಂದ ಹುಟ್ಟಿಸಿದೆ.

ಹೆಸರು ಅಸುಂತಾ. ಸಾಲ್ವಾತೋರೆಯವರ ತಾಯಿ. ನಿಜವಾದ ತಾಯಿ ತನ್ನ ಹಳ್ಳಿ ಬಿಟ್ಟು ಕದಲಿದವಳೇ ಅಲ್ಲ ಎಂದು ರೊಸಾರಿಯಾ ಮೊದಲ ವಾರವೇ ಹೇಳಿದ್ದರು. ಆದರೆ ನಮ್ಮ ಬೀದಿಯಲ್ಲಿ ಇರುವ ಇನ್ನೆರಡು ಇಟಾಲಿಯನ್ ಹೋಟೆಲುಗಳ ಮೆನುವಿನಲ್ಲೂ ಒಬ್ಬೊಬ್ಬ ಅಜ್ಜಿ, ಅವರ ಮಾತಿನಲ್ಲಿ ನೊನ್ನಾ, ಇದ್ದಾಳೆ. ನಮ್ಮದಕ್ಕೆ ಮಾತ್ರ ಇಲ್ಲವೆಂದರೆ ಹೇಗೆ? ಬರಿ ಹೆಸರಿದ್ದರೆ ಅಜ್ಜಿ ಉಸಿರಾಡುವುದಿಲ್ಲ. ಅದಕ್ಕೆ ಉಡುಪಿಯ ನನ್ನ ಸ್ವಂತ ಅಜ್ಜಿಯಿಂದ ಎರಡು ಅಭ್ಯಾಸಗಳನ್ನು ಎರವಲು ತಂದೆ. ಒಂದು, ಅಜ್ಜಿ ಎಲ್ಲ ಅಡುಗೆಗೂ ಚೂರು ಬೆಲ್ಲ ಹಾಕುತ್ತಿದ್ದರು. ಆದ್ದರಿಂದ ಅಸುಂತಾ ಟೊಮೆಟೊ ಸಾಸಿಗೆ ಯಾರಿಗೂ ತಿಳಿಯದಂತೆ ಒಂದು ಚಿಟಿಕೆ ಸಿಹಿ ಬೆರೆಸಿದಳು. ಎರಡು, ಅಡುಗೆಯಾದ ಮೇಲೆ ಅಜ್ಜಿ ಸೌಟಿನಿಂದ ಪಾತ್ರೆಯ ಬಾಯಿಗೆ ಮೂರು ಸಲ ಕುಟ್ಟುತ್ತಿದ್ದರು, ಟಣ್, ಟಣ್, ಟಣ್. ಅದು ಊಟದ ಕರೆ. ಅಸುಂತಾಳೂ ಕುಟ್ಟಿದಳು, ಕೊನೆಗೊಂದು ದಿನ ಕಣ್ಣು ಮುಚ್ಚಿದಳು. ಓದಿದರೆ ನನಗೇ ಕಣ್ಣೀರು ಬಂತು.

ವಿದ್ಯಾ ಓದಿ ಕಾಗದ ಕೆಳಗಿಟ್ಟಳು.

"ರೀ, ಇದು ಯಾರ್ರೀ?"

"ಕಾಲ್ಪನಿಕ ಪಾತ್ರ."

"ಹುಟ್ಟದೇ ಇರೋರನ್ನ ಸಾಯ್ಸಿದೀರಲ್ಲ, ಇವರಿಗೆ ತಿಥಿ ಮಾಡೋರು ಯಾರು?"

ನಾನು ನಕ್ಕೆ. ಅವಳು ನಗಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಖಾಲಿ ಹೋಟೆಲಿನಲ್ಲಿ ಗಟ್ಟಿಯಾಗಿ ಓದಿದೆ. ಕೇಳಲು ರೊಸಾರಿಯಾ, ಸಾಲ್ವಾತೋರೆ, ಮತ್ತು ಹೋಟೆಲು ಶುರುವಾದಾಗಿನಿಂದ ಬರುತ್ತಿರುವ ಹಳೆಯ ಗಿರಾಕಿ ಹೆರ್ ಕ್ರಾಮರ್. ರೈಲಿಗೂ ಲಾರಿಗೂ ಮುದುಕರು ಅಲುಗಾಡಲಿಲ್ಲ. ಸೌಟು ಮೂರು ಸಲ ಕುಟ್ಟಿದ ವಾಕ್ಯ ಬಂದಾಗ ಮೆಲ್ಲಗೆ ತಲೆಯೆತ್ತಿದರು.

"ಹೌದು," ಎಂದರು. "ಮೂರು ಸಲ."

ರೊಸಾರಿಯಾ ಕೈಯಿಂದ ಬಾಯಿ ಮುಚ್ಚಿಕೊಂಡರು. ನನ್ನ ಎದೆ ಹೆಮ್ಮೆಯಿಂದ ಉಬ್ಬಿತು. ಆದರೆ ತೋಳಿನ ಮೇಲಿನ ಕೂದಲು ಬೇರೆಯದೇ ಕಾರಣಕ್ಕೆ ಎದ್ದು ನಿಂತಿತ್ತು. ಹುಟ್ಟದ ಹೆಂಗಸು ಬಡಿಯದ ಸದ್ದನ್ನು ಈ ಮನುಷ್ಯ ಕೇಳಿದ್ದು ಹೇಗೆ?

ಅಷ್ಟಕ್ಕೇ ನಿಲ್ಲಲಿಲ್ಲ. ಹೆರ್ ಕ್ರಾಮರ್ ಕನ್ನಡಕ ಒರೆಸಿಕೊಳ್ಳುತ್ತ, ತಾನೊಮ್ಮೆ ಸ್ಪಗೆಟ್ಟಿಯನ್ನು ಚಾಕುವಿನಿಂದ ಕತ್ತರಿಸಿದ್ದಕ್ಕೆ ಆ ಅಜ್ಜಿ ಅಡುಗೆಮನೆಯಿಂದ ಬಂದು ತನ್ನ ಕೈಗೆ ಹೊಡೆದಿದ್ದರು ಎಂದರು. ಎಡಗೈಯಲ್ಲಿ ಹೊಡೆದಿದ್ದರಂತೆ. ರೊಸಾರಿಯಾ, ಹೌದು, ನೊನ್ನಾ ಎಡಚಿ, ನನ್ನ ತಲೆಯನ್ನೂ ಎಡಗೈಯಲ್ಲೇ ಬಾಚುತ್ತಿದ್ದಳು ಎಂದರು. ಅಸುಂತಾ ಎಡಚಿ ಎಂದು ನಾನು ಬರೆದಿರಲಿಲ್ಲ. ಕಾಗದ ತಿರುಗಿಸಿ ನೋಡಿದೆ. ನಿಜವಾಗಿಯೂ ಬರೆದಿರಲಿಲ್ಲ.

ಇಂಥ ಹೊತ್ತಿನಲ್ಲಿ ಬುದ್ಧಿಯಿದ್ದವನು ಸತ್ಯ ಹೇಳುತ್ತಾನೆ. ನಾನು ಫೋಟೊ ತಂದುಕೊಟ್ಟೆ.

ರೊಸಾರಿಯಾ ಕೇಳಿದ್ದರು: ಅಷ್ಟೆಲ್ಲ ಹುಡುಕಿದ್ದೀರಿ, ಒಂದು ಫೋಟೊ ಸಿಗಲಿಲ್ಲವೇ? ಭಾನುವಾರ ನದಿಯ ದಂಡೆಯಲ್ಲಿ ನಡೆಯುವ ಹಳೆ ಸಾಮಾನಿನ ಸಂತೆಯಲ್ಲಿ, ಒಡೆದ ಟೀ ಕಪ್ಪುಗಳ ನಡುವೆ, ಕಪ್ಪು ಸ್ಕಾರ್ಫಿನ ಮುದುಕಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಯಾರ ತಾಯಿಯೋ, ಯಾವ ಊರೋ. ಮನೆಗೆ ತಂದು ಒರೆಸಿದೆ. ಆಗ ಗಮನಿಸಿದೆ, ಮಡಿಲಲ್ಲಿ ಎಡಗೈ ಬಲಗೈಯ ಮೇಲಿತ್ತು. ಎಲ್ಲರೂ ಹಾಗೆಯೇ ಇಟ್ಟುಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿಕೊಂಡು ನನ್ನ ಕೈಗಳನ್ನು ನೋಡಿಕೊಂಡೆ. ನಾನು ಹಾಗೆ ಇಟ್ಟುಕೊಳ್ಳುವುದಿಲ್ಲ.

ಮರುದಿನವೇ ಗೋಡೆಯ ಮೇಲೆ ಇತಿಹಾಸದ ಚೌಕಟ್ಟು ಬಂತು. ಪಕ್ಕದಲ್ಲಿ ಫೋಟೊ, ಫೋಟೊ ಕೆಳಗೆ ಮಿಣುಕುವ ಕೆಂಪು ದೀಪ. ಅದರ ಕೆಳಗೆ ಒಂದು ಕೊಕ್ಕೆ, ಕೊಕ್ಕೆಯಲ್ಲಿ ಅಂಚು ನಗ್ಗಿದ ಹಳೆಯ ಕಬ್ಬಿಣದ ಸೌಟು. ಅಡುಗೆಮನೆಯಲ್ಲೇ ಇತ್ತಂತೆ. ಬೇರೆ ಯಾರ ಸೌಟು ಇರುತ್ತೆ ಹೇಳಿ, ನೊನ್ನಾದೇ, ಎಂದರು ರೊಸಾರಿಯಾ.

ಈ ವಿಜಯವನ್ನು ಹೇಳಿಕೊಳ್ಳಲು ಊರಿಗೆ ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಅಜ್ಜಿಯ ಬೆಲ್ಲ ಮತ್ತು ಸೌಟು ಜರ್ಮನಿಯ ಗೋಡೆಯ ಮೇಲೆ ಏರಿದ ಕಥೆಯನ್ನು ವರ್ಣಿಸಿದೆ. ಅಮ್ಮ ನಡುವೆಯೇ ತಡೆದರು.

"ಎಂತ ಬೆಲ್ಲ ಮಾರಾಯ? ನಿನ್ನ ಅಜ್ಜಿಗೆ ಸಕ್ಕರೆ ಕಾಯಿಲೆ ಅಲ್ವಾ? ಮನೆಯಲ್ಲಿ ಬೆಲ್ಲದ ಡಬ್ಬ ಕಣ್ಣಿಗೆ ಬೀಳ್ಬಾರ್ದು ಅಂತ ಅಟ್ಟದ ಮೇಲೆ ಇಡ್ತಿದ್ದದ್ದು."

"ಸೌಟು?"

"ಸೌಟು ಕುಟ್ಟಿದ್ರೆ ದರಿದ್ರ ಅಂತ ನಂಗೆ ಬೈತಿದ್ರು. ನೀನು ಯಾರ ಅಜ್ಜಿ ವಿಷಯ ಹೇಳ್ತಾ ಇರುದು?"

ಫೋನು ಇಟ್ಟ ಮೇಲೆ ಮೇಜಿನ ಮುಂದೆ ಬಹಳ ಹೊತ್ತು ಕೂತೆ. ಆ ಮೂರು ಬಡಿತ ನನ್ನ ಕಿವಿಯಲ್ಲಿ ಅಷ್ಟು ಸ್ಪಷ್ಟವಾಗಿತ್ತು. ಆ ಸಿಹಿ ನಾಲಿಗೆಯ ಮೇಲಿತ್ತು. ಅಜ್ಜಿಯದಲ್ಲದಿದ್ದರೆ ಯಾರದು? ಅಜ್ಜಿಯ ಮುಖ ನೆನೆಸಿಕೊಳ್ಳಲು ಹೋದೆ, ಕಪ್ಪು ಸ್ಕಾರ್ಫ್ ಬಂತು. ಅಂದರೆ ನಾನು ಎರವಲು ಕೊಟ್ಟಿರಲಿಲ್ಲ. ಯಾರೋ ನನಗೇ ಕೊಟ್ಟಿದ್ದರು. ಯಾವಾಗ?

ಅದೇ ವಾರ ಮನೆಯಲ್ಲಿ ಏನೋ ಬದಲಾಗಿತ್ತು. ಏನೆಂದು ಹೇಳಲು ಬರುತ್ತಿರಲಿಲ್ಲ. ಫ್ರಿಜ್ ಕೆಟ್ಟಿದೆಯೇ ಎಂದು ವಿದ್ಯಾ ಎರಡು ಸಲ ಬಾಗಿಲು ತೆಗೆದು ನೋಡಿದಳು. ಗಡಿಯಾರ ನಿಂತಿದೆಯೇ ಎಂದು ನಾನು ನೋಡಿದೆ. ಸ್ಕೂಲಿನಿಂದ ಬಂದ ಮಾನ್ವಿ ಬ್ಯಾಗು ಇಳಿಸಿ, ಕಿವಿಗೊಟ್ಟು, ಮನೆ ಎಷ್ಟು ಮೌನವಾಗಿದೆ ಎಂದು ಜರ್ಮನ್‌ನಲ್ಲಿ ಹೇಳಿದಳು. ಮಧ್ಯಾಹ್ನ ಮೂರು ಗಂಟೆಗೆ ಮಾತ್ರ ಹಾಗನ್ನಿಸುತ್ತಿತ್ತು. ಯಾರೋ ಮಾತಿನ ನಡುವೆ ನಿಲ್ಲಿಸಿ ನಮ್ಮ ಮುಖ ನೋಡಿದ ಹಾಗೆ.

ನಾಲ್ಕನೆಯ ದಿನ ರೊಸಾರಿಯಾ ಬಾಗಿಲು ಬಡಿದರು. ಕಣ್ಣು ಊದಿತ್ತು.

"ಅಪ್ಪ ಊಟ ಬಿಟ್ಟಿದಾರೆ."

ಚೌಕಟ್ಟು ಗೋಡೆಗೇರಿದ ದಿನದಿಂದ ತಟ್ಟೆ ಮುಟ್ಟಿಲ್ಲವಂತೆ. ಹಾಲು ಕುಡಿಸಿದರೆ ಎರಡು ಗುಟುಕು, ಅಷ್ಟೇ. ಡಾಕ್ಟರು ಬಂದು ನೋಡಿ ದೇಹದಲ್ಲಿ ಏನೂ ದೋಷವಿಲ್ಲ, ಆದರೆ ಹೀಗೇ ಇನ್ನು ಕೆಲವು ದಿನ ಹೋದರೆ ಆಸ್ಪತ್ರೆಗೆ ಸೇರಿಸಬೇಕು, ಸೇರಿಸಿದರೆ ಈ ವಯಸ್ಸಿನಲ್ಲಿ ಮರಳಿ ಬರುವ ಮಾತು ಕಷ್ಟ ಎಂದಿದ್ದರಂತೆ. ಊಟ ಮುಂದಿಟ್ಟರೆ ಅಡುಗೆಮನೆಯ ಬಾಗಿಲು ನೋಡುತ್ತ, "ಅವಳು ಕರೆದಿಲ್ಲ," ಎನ್ನುತ್ತಾರಂತೆ.

"ಅವಳು ಅಂದರೆ?" ಎಂದೆ. ಗೊತ್ತಿದ್ದೇ ಕೇಳಿದೆ.

"ನೊನ್ನಾ. ನೀವು ನೆನಪು ಮಾಡಿಕೊಟ್ಟಿರಿ, ಈಗ ಕಾಯ್ತಾ ಇದಾರೆ."

ಕೆಳಗಿಳಿದು ಹೋದೆ. ಮಧ್ಯಾಹ್ನ ಮೂರೂವರೆಗೇ ಬೆಳಕು ಬೂದಿಯಾಗಿತ್ತು. ಸಾಲ್ವಾತೋರೆ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಮುಂದೆ ತಣ್ಣಗಾದ ತಟ್ಟೆ. ಗೋಡೆಯ ಮೇಲೆ ಕೆಂಪು ದೀಪ ಮಿಣುಕಿದಾಗಲೆಲ್ಲ ಫೋಟೊದ ಮುದುಕಿ ಕಣ್ಣು ಮಿಟುಕಿಸಿದ ಹಾಗಾಗುತ್ತಿತ್ತು. ನಾನು ರೊಸಾರಿಯಾರನ್ನು ಪಕ್ಕಕ್ಕೆ ಕರೆದು ಎಲ್ಲ ಒಪ್ಪಿಕೊಂಡೆ. ಅಸುಂತಾ ಇರಲೇ ಇಲ್ಲ, ನಾನೇ ಬರೆದದ್ದು, ಫೋಟೊ ಸಂತೆಯದ್ದು. ನಿಮ್ಮ ಅಜ್ಜಿ ಹಳ್ಳಿ ಬಿಟ್ಟು ಬಂದೇ ಇಲ್ಲ ಎಂದು ನೀವೇ ಹೇಳಿದ್ದಿರಿ.

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಕನಿಕರದಿಂದ ನನ್ನ ತೋಳು ಮುಟ್ಟಿದರು.

"ನಿಮಗೆ ಗೊತ್ತಿಲ್ಲ, ಹೆರ್ ರಾವ್. ನೀವು ಆಗ ಇಲ್ಲಿರಲಿಲ್ಲ."

ಮೇಲೆ ಬಂದು ವಿದ್ಯಾಗೆ ಹೇಳಿದೆ. ಅವಳು ಕೊತ್ತಂಬರಿ ಸೋಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ನಮ್ಮಲ್ಲಿ ತಿಥಿ ದಿನ ಕಾಗೆ ಪಿಂಡ ಮುಟ್ಟದೇ ಹೋದ್ರೆ ಏನ್ಮಾಡ್ತಾರೆ?"

ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತು. ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ತಿಳಿದು, ಮನೆಯವರೆಲ್ಲ ಕೈಮುಗಿದು ನಿಂತು ಒಂದೊಂದೇ ಮಾತು ಕೊಡುತ್ತಾರೆ. ತಂಗಿಯನ್ನು ನೋಡಿಕೊಳ್ಳುತ್ತೇವೆ, ಜಗಳ ಬಿಡುತ್ತೇವೆ, ಹಸು ಮಾರುವುದಿಲ್ಲ. ಸರಿಯಾದ ಮಾತು ಬಿದ್ದಾಗ ಕಾಗೆ ಇಳಿಯುತ್ತದೆ.

"ಹುಟ್ಟದವರಿಗೆ ಪಿಂಡ ಯಾವ ಶಾಸ್ತ್ರದಲ್ಲಿದೆ?" ಎಂದೆ.

"ಹುಟ್ಟದವರ ಫೋಟೊ ಹಾಕೋದು ಯಾವ ಶಾಸ್ತ್ರದಲ್ಲಿದೆ? ಹೋಗ್ರೀ."

ಹೀಗೆ, ತಾಂತ್ರಿಕ ಬರವಣಿಗೆಯಲ್ಲಿ ಡಿಪ್ಲೊಮಾ ಪಡೆದ ನಾನು ಮರುದಿನ ಮಧ್ಯಾಹ್ನ ಹಿಂದಿನ ಅಂಗಳದಲ್ಲಿ, ಹಕ್ಕಿಗಳಿಗೆ ಆಹಾರ ಹಾಕುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದೆ ಎಂಬ ಫಲಕದ ಕೆಳಗೆ, ಒಂದು ತಟ್ಟೆ ಪೆನ್ನೆ ಪಾಸ್ತಾ ಇಟ್ಟು ದಕ್ಷಿಣಕ್ಕೆ ಮುಖಮಾಡಿ ನಿಂತೆ. ದಕ್ಷಿಣಕ್ಕೆ ಸೈಕಲ್ ಸ್ಟ್ಯಾಂಡ್ ಇತ್ತು. ಪಾಸ್ತಾ ಕೆಳಗಿನದ್ದೇ, ಪಾರ್ಸೆಲ್ ತಂದದ್ದು. ವಿದ್ಯಾ ಮೇಲಿನ ಅಡುಗೆಮನೆಯ ಕಿಟಕಿಯಿಂದ ಉಸ್ತುವಾರಿ ವಹಿಸಿದ್ದಳು.

ಕಾಗೆ ಬಂತು. ಅದು ನನ್ನನ್ನು ಹೆದರಿಸಿತು. ಇಷ್ಟು ಬೇಗ ಬರುತ್ತದೆ ಎಂದುಕೊಂಡಿರಲಿಲ್ಲ. ನಮ್ಮ ಊರಿನ ಕಾಗೆಯ ಒಂದೂವರೆ ಪಟ್ಟು ದೊಡ್ಡದು, ಕೊರಳೂ ಪೂರಾ ಕಪ್ಪು. ಗೋಡೆಯ ಮೇಲೆ ಕೂತು ತಟ್ಟೆ ನೋಡಿತು, ನನ್ನನ್ನು ನೋಡಿತು. ಮುಟ್ಟಲಿಲ್ಲ.

ಕೈಮುಗಿದೆ. ಬರೆದದ್ದನ್ನು ಹರಿದುಹಾಕುತ್ತೇನೆ ಎಂದೆ. ಕಾಗೆ ಅಲುಗಾಡಲಿಲ್ಲ. ಫೋಟೊ ಸಂತೆಗೆ ವಾಪಸು ಕೊಡುತ್ತೇನೆ ಎಂದೆ. ಇಲ್ಲ. ಇನ್ನು ಮುಂದೆ ಕೈಪಿಡಿ ಬಿಟ್ಟು ಬೇರೇನೂ ಬರೆಯುವುದಿಲ್ಲ ಎಂದೆ. ಕಾಗೆ ರೆಕ್ಕೆ ಸರಿಮಾಡಿಕೊಂಡಿತು, ಅಷ್ಟೇ. ಸಾರಿಗೆ ಬೆಲ್ಲ ಕೇಳುವುದಿಲ್ಲ ಎಂದು ಕೂಡ ಹೇಳಿದೆ. ಮೇಲಿನಿಂದ ವಿದ್ಯಾ, "ಅದನ್ನ ಬರೆದುಕೊಡಿ," ಎಂದಳು.

ಆಗ ಅಡುಗೆಮನೆಯ ಹಿಂಬಾಗಿಲು ತೆರೆದು ಸೆಲ್ವಿ ಬಂದರು. ಕೈಯಲ್ಲಿ ಹಸಿರು ರಬ್ಬರಿನ ಹೊಸ ಸೌಟು. ತಟ್ಟೆ, ಕಾಗೆ, ಮುಗಿದ ಕೈ, ಮೂರನ್ನೂ ನೋಡಿದರು. ಅವರಿಗೆ ವಿವರಣೆ ಬೇಕಾಗಲಿಲ್ಲ. ಆ ಅಂಗಳದಲ್ಲಿ, ಬಹುಶಃ ಆ ಇಡೀ ಬೀದಿಯಲ್ಲಿ, ವಿವರಣೆ ಬೇಡದ ಒಬ್ಬರೇ ವ್ಯಕ್ತಿ.

"ಯಾರಿಗೆ?" ಎಂದು ತಮಿಳಿನಲ್ಲಿ ಕೇಳಿದರು.

ಬೆಂಗಳೂರಿನ ಹಾಸ್ಟೆಲಿನಲ್ಲಿ ಕಲಿತ ನನ್ನ ಹರಕು ತಮಿಳಿನಲ್ಲಿ ಎಲ್ಲ ಹೇಳಿದೆ. ಹುಟ್ಟಿಸಿದ ಅಜ್ಜಿ, ಸಾಸಿಗೆ ಸಿಹಿ, ಸೌಟಿನಿಂದ ಮೂರು ಬಡಿತ. ಅವರು ಏಪ್ರನ್ನಿನ ಜೇಬಿಗೆ ಕೈಹಾಕಿ ಒಂದು ಸಣ್ಣ ಡಬ್ಬಿ ತೆಗೆದು ನನ್ನ ಅಂಗೈಗೆ ಒಂದು ಕಪ್ಪು ಚೂರು ಹಾಕಿದರು. ಬಾಯಿಗೆ ಹಾಕಿಕೊಂಡೆ. ತಾಳೆಬೆಲ್ಲ. ನನ್ನ ಅಜ್ಜಿ ಎಂದೂ ಹಾಕದ, ನನ್ನ ನಾಲಿಗೆಗೆ ಹನ್ನೊಂದು ವರ್ಷಗಳಿಂದ ಗೊತ್ತಿದ್ದ ಸಿಹಿ.

"ಮೂವತ್ತು ವರ್ಷದಿಂದ ಸಾಸ್ ನಾನು ಮಾಡೋದು," ಎಂದರು ಸೆಲ್ವಿ. "ಕುಟ್ಟೋದೂ ನಾನೇ. ನನ್ನ ಪೂರ್ತಿ ಹೆಸರು ತಮಿಳ್‌ಸೆಲ್ವಿ. ಅದು ಆ ಅಯ್ಯನ ಬಾಯಿಗೆ ಬರ್ಲಿಲ್ಲ, ಅವರ ಹೆಸರು ನನ್ನ ಬಾಯಿಗೆ ಬರ್ಲಿಲ್ಲ. ಅವರ ಕಿವಿ ಬೇರೆ ಮಂದ. ಅದಕ್ಕೆ ಮೂರು ಸಲ ಕುಟ್ತೀನಿ. ಎದ್ದು ಬರ್ತಾರೆ, ಉಣ್ತಾರೆ."

ನನ್ನ ಮೇಜಿನ ಕೆಳಗೆ. ದಿನಾ ಮೂರು ಗಂಟೆಗೆ. ಹನ್ನೊಂದು ವರ್ಷ ಆ ಸದ್ದು ನೆಲದಿಂದ ನನ್ನ ಕಾಲಿಗೆ, ಕಾಲಿನಿಂದ ತಲೆಗೆ ಏರಿ, ಅಲ್ಲಿ ಯಾವುದೋ ಖಾಲಿ ಜಾಗ ಹುಡುಕಿ, ಅಜ್ಜಿಯ ಪಕ್ಕದಲ್ಲಿ ಕೂತಿತ್ತು. ನಾನು ಅದನ್ನು ಕದ್ದು ಕೆಳಗಿನವರಿಗೇ ಇತಿಹಾಸವೆಂದು ವಾಪಸು ಮಾರಿದ್ದೆ.

"ಈಗ ಯಾಕೆ ಕುಟ್ತಾ ಇಲ್ಲ?"

ಅವರು ಹಸಿರು ಸೌಟನ್ನು ಕಸದ ಡಬ್ಬಿಯ ಅಂಚಿಗೆ ಬಡಿದು ತೋರಿಸಿದರು. ಸದ್ದೇ ಬರಲಿಲ್ಲ.

"ನನ್ನ ಸೌಟು ಗೋಡೆ ಮೇಲೆ ಹಾಕಿದಾರೆ. ಕೊಡಿ ಅಂತ ಕೇಳ್ದೆ. ಅದು ನೊನ್ನಾದು, ಮುಟ್ಟಬೇಡ ಅಂದ್ರು. ಬೇರೆ ಚಮಚದಲ್ಲಿ ಕುಟ್ಟಿ ನೋಡ್ದೆ. ಅವರಿಗೆ ಆ ಸದ್ದೇ ಬೇಕು."

ಆಗ ನಾನು, ಅಡುಗೆ ಮಾಡಿದವರ ಹೆಸರನ್ನೇ ಬರೆಯುತ್ತೇನೆ ಎಂದು ಗಟ್ಟಿಯಾಗಿ ಹೇಳಿದೆ. ಕಾಗೆ ಗೋಡೆಯಿಂದ ಇಳಿದು ಒಂದು ಪೆನ್ನೆ ಕಚ್ಚಿಕೊಂಡು ಹಾರಿತು.

ಇದು ನನ್ನ ಆವೃತ್ತಿ. ಇದು ತೀರಾ ಅಚ್ಚುಕಟ್ಟಾಗಿದೆ ಎಂಬ ಅನುಮಾನ ನನಗೂ ಇದೆ. ಕಿಟಕಿಯಿಂದ ನೋಡುತ್ತಿದ್ದ ವಿದ್ಯಾಳ ಪ್ರಕಾರ, ಕಸದ ಡಬ್ಬಿಯ ಹಿಂದೆ ಒಂದು ಬೆಕ್ಕು ಕೂತಿತ್ತು. ಸೆಲ್ವಿ ಸೌಟು ಬೀಸಿದಾಗ ಅದು ಓಡಿಹೋಯಿತು. ಕಾಗೆ ಅದಕ್ಕೇ ಇಳಿಯಿತು. ನಾನು ಮಾತು ಕೊಟ್ಟದ್ದು ಆಮೇಲೆ. ಯಾವುದು ಮೊದಲು ಎಂದು ನಾನು ವಾದಿಸುವುದಿಲ್ಲ. ಇತಿಹಾಸ ಬರೆದು ಸಾಕಾಗಿದೆ.

ಒಳಗೆ ಹೋದೆವು. ಸಾಲ್ವಾತೋರೆ ಹಾಗೆಯೇ ಕೂತಿದ್ದರು. ಕೆನ್ನೆ ಇನ್ನಷ್ಟು ಒಳಗೆ ಹೋಗಿತ್ತು. ಪಕ್ಕದಲ್ಲಿ ರೊಸಾರಿಯಾ ಚಮಚ ಹಿಡಿದು ಬೇಡಿಕೊಳ್ಳುತ್ತಿದ್ದರು. ನಾನು ಗೋಡೆಯ ಕೊಕ್ಕೆಗೆ ಕೈಹಾಕಿದೆ. ಅದು ನೊನ್ನಾದು ಎಂದು ರೊಸಾರಿಯಾ ಎದ್ದರು. ಒಂದು ನಿಮಿಷಕ್ಕೆ ಅವಳ ಅಪ್ಪಣೆ ಪಡೆದಿದ್ದೇನೆ ಎಂದೆ. ಇನ್ನೊಂದು ಸುಳ್ಳು, ಆದರೆ ಅವರು ಕೂತರು. ಸೌಟು ಕೈಗೆ ಬಂದಾಗ ಬೆಚ್ಚಗಿತ್ತು. ಕೆಂಪು ದೀಪದ ಶಾಖ ಇರಬಹುದು.

ಸೆಲ್ವಿ ಅದನ್ನು ತೆಗೆದುಕೊಂಡು ಅಡುಗೆಮನೆಗೆ ಹೋದರು. ನಾವು ಕಾದೆವು. ರೊಸಾರಿಯಾ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದರು.

ಟಣ್. ಟಣ್. ಟಣ್.

ಮೇಲಿನ ಮಹಡಿಯಲ್ಲಿ ಮಾನ್ವಿ ಓಡಿದ ಸದ್ದು ಕೇಳಿತು. ಸಾಲ್ವಾತೋರೆ ಎರಡೂ ಕೈಯನ್ನು ಮೇಜಿಗೆ ಊರಿ ಎದ್ದರು. ಯಾರನ್ನೂ ಹಿಡಿದುಕೊಳ್ಳದೆ ಅಡುಗೆಮನೆಯ ಬಾಗಿಲಿಗೆ ನಡೆದರು. ಸೆಲ್ವಿ ತಟ್ಟೆ ಕೊಟ್ಟರು. ಅವರು ನಿಂತುಕೊಂಡೇ, ಮಗುವಿನ ಹಾಗೆ, ಗಲ್ಲಕ್ಕೆ ಸಾಸು ಹಚ್ಚಿಕೊಂಡು ತಿಂದರು. ರೊಸಾರಿಯಾ ಅಳುತ್ತಿದ್ದರು. ಅರ್ಧ ತಟ್ಟೆ ಆದ ಮೇಲೆ ಮುದುಕರು ಗೋಡೆಯ ಕಡೆ ನೋಡಿ, "ಈ ಹೆಂಗಸು ಯಾರು?" ಎಂದರು.

ಅಂದೇ ಹೊಸ ಇತಿಹಾಸ ಬರೆದೆ. ಮೂವತ್ತು ವರ್ಷ ಅಡುಗೆ ಮಾಡಿದವರು ತಮಿಳ್‌ಸೆಲ್ವಿ ಎಂದು ಮೊದಲ ಸಾಲಿನಲ್ಲೇ ಹಾಕಿದೆ. ಅಸುಂತಾಳನ್ನು ಪೂರ್ತಿಯಾಗಿ ಅಳಿಸಿದೆ. ರೊಸಾರಿಯಾ ಓದಿ ಸೆಲ್ವಿಯ ಕೈ ಹಿಡಿದು ಕ್ಷಮೆ ಕೇಳಿದರು. ಆ ಹೆಸರನ್ನು ಮೂರು ಸಲ ಹೇಳಿ ಅಭ್ಯಾಸ ಮಾಡಿದರು, ಮೂರನೆಯ ಸಲ ಹತ್ತಿರ ಬಂತು. ಆಮೇಲೆ ಪೆನ್ನು ತೆಗೆದುಕೊಂಡು, ನೊನ್ನಾ ಅಸುಂತಾಳ ಕೈಕೆಳಗೆ ಕಲಿತವರು ಎಂದು ಪಕ್ಕದಲ್ಲಿ ಸೇರಿಸಿದರು. ನಾನು ಪ್ರತಿಭಟಿಸಿದೆ. ಗೋಡೆಗೇರಿದ ಸತ್ತವರನ್ನು ಇಳಿಸುವುದು ಎಲ್ಲಾದರೂ ಉಂಟೇ ಎಂದರು.

ನಾನು ಸೆಲ್ವಿಯ ಮುಖ ನೋಡಿದೆ. ಅನ್ಯಾಯ ಆದದ್ದು ಅವರಿಗೆ, ಅವರೇ ಹೇಳಲಿ.

"ಇರ್ಲಿ ಬಿಡಿ ತಂಬಿ," ಎಂದರು. "ನನ್ನ ಹೆಸರು ಬಂತು, ನನ್ನ ಸೌಟು ಬಂತು. ಉಪ್ಪು ಜಾಸ್ತಿ ಆದಾಗ ಬೈಯೋಕೆ ಒಬ್ಬರು ಇರ್ಲಿ."

ಐವತ್ತನೆಯ ವರ್ಷದ ಸಮಾರಂಭ ಒಂದು ಭಾನುವಾರ ಮಧ್ಯಾಹ್ನ ನಡೆಯಿತು. ಕೊಕ್ಕೆ ಖಾಲಿಯಿತ್ತು. ಫೋಟೊ ಅಲ್ಲೇ ಇತ್ತು. ಮೂರು ಬಡಿತಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು, ಸಾಲ್ವಾತೋರೆ ಎರಡು ಸಲ ಬಡಿಸಿಕೊಂಡರು. ಹಿಂದಿನ ದಿನ ಅಮ್ಮ ಫೋನ್ ಮಾಡಿ, ಯೋಚನೆ ಮಾಡಿದೆ ಮಾರಾಯ, ನಿನ್ನ ಅಜ್ಜಿ ಸೌಟು ಕುಟ್ಟುತ್ತಿದ್ದದ್ದು ಹೌದು ಅಂತ ಕಾಣುತ್ತದೆ, ಮೂರೋ ನಾಲ್ಕೋ ಸಲ, ಎಂದಿದ್ದರು. ನಾನು ಬೇಡ ಅಮ್ಮ ಎಂದು ಫೋನು ಇಟ್ಟಿದ್ದೆ.

ಹೆರ್ ಕ್ರಾಮರ್ ಸೆಲ್ವಿಯ ಬಳಿ ಹೋಗಿ, ಆ ಅಜ್ಜಿಯ ಕೈಕೆಳಗೆ ಕೆಲಸ ಮಾಡುವುದು ಕಷ್ಟವಿತ್ತಲ್ಲವೇ ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಸೆಲ್ವಿ ಸ್ವಲ್ಪ ಯೋಚಿಸಿದರು.

"ಒಳ್ಳೆಯವರು," ಎಂದರು. "ಆದರೆ ಉಪ್ಪಿನ ಕೈ ದೊಡ್ಡದು."

ಅವರ ಮುಖದಲ್ಲಿ ನಗುವಿದೆಯೇ ಎಂದು ನೋಡಿದೆ. ಇರಲಿಲ್ಲ.

ಅಷ್ಟರಲ್ಲಿ ರೊಸಾರಿಯಾ ಲೋಟಕ್ಕೆ ಚಮಚ ತಟ್ಟಿ ಭಾಷಣ ಶುರುಮಾಡಿದ್ದರು. ಇತಿಹಾಸ ಬರೆದವರು ಇವರು, ಎಂದು ನನ್ನನ್ನು ತೋರಿಸಿದರು. ಇವರು ಕಲೋನಿಗೆ ಹೊಸದಾಗಿ ಬಂದಾಗ, ಚಳಿಯಲ್ಲಿ ನಡುಗುತ್ತ ನಮ್ಮ ಬಾಗಿಲಲ್ಲಿ ನಿಂತಾಗ, ಮೊದಲ ತಟ್ಟೆ ಪಾಸ್ತಾ ಬಡಿಸಿದ್ದು ನೊನ್ನಾ ಅಸುಂತಾ. ಹೌದಲ್ಲವೇ, ಹೆರ್ ರಾವ್?

ಎಲ್ಲರೂ ನನ್ನ ಕಡೆ ತಿರುಗಿದರು. ಸಾಲ್ವಾತೋರೆಯೂ ತಿರುಗಿದರು. ದೂರದಲ್ಲಿ ವಿದ್ಯಾ ಬೇಡ ಎಂದು ಕಣ್ಣಿನಲ್ಲೇ ಹೇಳುತ್ತಿದ್ದಳು. ನಾನು ಬಾಯಿ ತೆರೆದೆ, ನಿಜ ಹೇಳಲೆಂದೇ ತೆರೆದೆ. ಆದರೆ ಆ ಚಳಿ ನೆನಪಾಯಿತು, ಆ ಬಾಗಿಲು ನೆನಪಾಯಿತು, ತಟ್ಟೆ ಹಿಡಿದ ಕೈ ನೆನಪಾಯಿತು. ಎಡಗೈ.

ತಲೆಯಾಡಿಸಿದೆ. ಹೇಳಲೇಬೇಕೆಂದರೆ, ಉಪ್ಪು ನಿಜಕ್ಕೂ ಸ್ವಲ್ಪ ಜಾಸ್ತಿಯಿತ್ತು.